ಲಾಂಡ್ರಿ ಅಕ್ಕ ಮೀನಿನ ತೊಟ್ಟಿ ತೊಳೆದದ್ದು

ನಮ್ಮ ಬೀದಿಯ ಲಾಂಡ್ರಿ ಅಕ್ಕನಿಗೆ ಕೊಳೆ ಎಂದರೆ ಜನ್ಮವೈರಿ. ಅಂಗಿ ಕೊಡಲು ಹೋದವರ ಮುಖಕ್ಕಿಂತ ಮೊದಲು ಅವಳು ನೋಡುವುದು ಕಾಲರ್. "ಏನ್ರೀ ಇದು, ನಿಮ್ಮ ಕುತ್ತಿಗೆಗೂ ಸೋಪಿಗೂ ಮಾತಿಲ್ವಾ?" ಎಂದು ನಾಲ್ಕು ಜನರೆದುರೇ ಕೇಳಿಬಿಡುತ್ತಾಳೆ. ಕಚೇರಿಯಲ್ಲಿ ಗುಡುಗುವ ದೊಡ್ಡ ಸಾಹೇಬರೂ ಅವಳ ಕೌಂಟರಿನ ಮುಂದೆ ಬಾಲ ಮುದುರಿಕೊಳ್ಳುತ್ತಾರೆ.

ಅಂಗಡಿಯ ಹಿಂದಿನ ಕೋಣೆಯೇ ಮನೆ. ಅಲ್ಲಿ ಮಂಚದ ಮೇಲೆ ಗಂಡ. ಬಸ್ ಓಡಿಸುತ್ತಿದ್ದವನು, ಅವನ ಗಂಟಲಿರುವಾಗ ಹಾರ್ನ್ ಯಾಕೆ ಎನ್ನುತ್ತಿದ್ದರು ಪ್ರಯಾಣಿಕರು. ಲಕ್ವ ಹೊಡೆದಾಗ ಬಲಗೈ ಜೊತೆಗೆ ಮಾತೂ ಬಿದ್ದುಹೋಯಿತು. ಮಾತು ಕಲಿಸಲು ಬರುವ ಡಾಕ್ಟರಮ್ಮ ಎಷ್ಟು ತಿಣುಕಿದರೂ ತುಟಿ ಅಲುಗಲಿಲ್ಲ. ಕೊನೆಗೆ ಅವನ ಬಾಯಿ ಬಿಡಿಸಿದ್ದು ನಾದಿನಿ ಗಾಜಿನ ತೊಟ್ಟಿಯಲ್ಲಿ ತಂದಿಟ್ಟ ಒಂದು ಗೋಲ್ಡ್ ಫಿಶ್. ಅದು ಬಾಯಿ ತೆರೆದು ಮುಚ್ಚಿದರೆ ಇವನೂ ತೆರೆದು ಮುಚ್ಚುವನು. ಒಂದು ಬೆಳಿಗ್ಗೆ "ಬಾ" ಎಂದ. ಅಕ್ಕ ಇಸ್ತ್ರಿ ಪೆಟ್ಟಿಗೆ ಮರೆತು ಓಡಿದಳು. ಯಾರದೋ ಮದುವೆಯ ಕೋಟು ಸುಟ್ಟುಹೋಯಿತು.

"ಸುಡ್ಲಿ ಬಿಡ್ರಿ! ಕರೆದಿದ್ದು ನನ್ನನ್ನಲ್ಲ, ಮೀನನ್ನ. ಆದ್ರೂ ಕರೆದ್ರಲ್ಲ!"

ಆ ಮೀನು ಒಮ್ಮೆ ನೀರಿನ ಮೇಲೆ ಬಂದು ಏದುಸಿರು ಬಿಡತೊಡಗಿತು. ಅಕ್ಕ ಫೋನಿನಲ್ಲಿ ಮೀನು ಸಾಕುವವರ ಗುಂಪು ಹುಡುಕಿ, ತೊಟ್ಟಿಯ ಚಿತ್ರ ಹಾಕಿ ಬರೆದಳು: "ಬಾಯಿ ಬಾಯಿ ಬಿಡ್ತಿದೆ, ಏನ್ ಮಾಡ್ಲಿ? ನಮ್ಮೋರು ಮಾತಾಡೋದು ಇದ್ರ ಜೊತೆ ಮಾತ್ರ."

ಗುಂಪಿನ ಯಜಮಾನ ಒಬ್ಬ ವಿಮಾ ಏಜೆಂಟ್. 'ಮತ್ಸ್ಯಗುರು' ಎಂಬ ಬಿರುದನ್ನು ತನಗೆ ತಾನೇ ದಯಪಾಲಿಸಿಕೊಂಡಿದ್ದ. ಮೀನಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದಿಲ್ಲ. ಮೀನು ಸಾಕುವವರ ವಿಷಯದಲ್ಲಿ ಗೊತ್ತಿದ್ದದ್ದೇನೂ ಇಲ್ಲ.

"ತಾಯೀ, ಇದು ತೊಟ್ಟಿಯೋ ಚರಂಡಿಯೋ?" ಎಂದು ಬರೆದ. ನಗುವ ಮುಖಗಳು ಸಾಲುಗಟ್ಟಿದವು. "ಗಂಡನಿಗೆ ಮೀನೇ ಗತಿ ಅಂದ್ರೆ ಹೆಂಡ್ತಿ ಎಂಥವಳಿರಬೇಕು!" ಎಂದ ಇನ್ನೊಬ್ಬ.

ಆ ನಗುವಿನ ರಾಶಿಯ ಕೆಳಗೆ ಶಾಲೆಯೊಂದರ ಗುಮಾಸ್ತೆ ಬರೆದಿದ್ದಳು: "ಅಕ್ಕಾ, ಗಾಬರಿ ಬೇಡ. ಇವತ್ತು ತಿನ್ನೋಕೆ ಹಾಕ್ಬೇಡಿ. ಸ್ವಲ್ಪ ನೀರು ಮಾತ್ರ ಬದಲಾಯಿಸಿ, ನಿನ್ನೆ ಹಿಡಿದಿಟ್ಟಿದ್ದ ನೀರು ಹಾಕಿ, ನಲ್ಲಿಯಿಂದ ನೇರ ಬೇಡ. ಫಿಲ್ಟರಿನ ಸ್ಪಂಜಿಗೆ ಸೋಪು ಮುಟ್ಟಿಸ್ಬೇಡಿ. ಆ ಕಂದು ಬಣ್ಣ ಕೊಳೆಯಲ್ಲ, ನೀರನ್ನ ಕಾಯೋ ಜೀವಾಣುಗಳು ಅದರಲ್ಲೇ ಇರೋದು."

ಅಕ್ಕ ಅಷ್ಟು ಕೆಳಗೆ ಇಳಿಯಲೇ ಇಲ್ಲ. 'ಚರಂಡಿ' ಎಂಬ ಮಾತಿನ ಹತ್ತಿರವೇ ನಿಂತುಬಿಟ್ಟಿದ್ದಳು. ಅವಳನ್ನು ಜಗಳಗಂಟಿ ಎನ್ನಿ, ನಕ್ಕಾಳು. ಕೊಳಕಿ ಎಂದರೆ?

ಅಂಗಡಿ ಬಾಗಿಲೆಳೆದಳು. ಮೀನನ್ನು ಬೋಗುಣಿಗೆ ಹಾಕಿ, ಬಿಸಿನೀರು ಕಾಯಿಸಿ, ಅಂಗಡಿಯ ಸೋಪಿನ ಪುಡಿಯಲ್ಲಿ ಸ್ಪಂಜನ್ನು ಬೆಳ್ಳಗಾಗುವವರೆಗೆ ಹಿಂಡಿದಳು. ಕಲ್ಲುಗಳನ್ನು ಕಾಲರ್ ತಿಕ್ಕಿದಂತೆ ಒಂದೊಂದಾಗಿ ತಿಕ್ಕಿದಳು. ನಲ್ಲಿಯಿಂದ ಹೊಸ ನೀರು ತುಂಬಿಸಿದಳು. ಗಂಡ ಎಡಗೈಯಿಂದ ಮಂಚ ಬಡಿದ.

"ಇರ್ರೀ, ಅವಸರ ಬೇಡ! ನನ್ನ ಸವತಿಗೆ ಹೊಸ ಮನೆ ಮಾಡ್ಕೊಡ್ತಿದ್ದೀನಿ."

ಫಳಫಳಿಸುವ ತೊಟ್ಟಿಯ ಚಿತ್ರ ಕಳಿಸಿ "ಈಗ ನೋಡ್ರಿ" ಎಂದಳು. "ಬೈದ್ರೇನೇ ಬುದ್ಧಿ ಬರೋದು," ಎಂದ ಮತ್ಸ್ಯಗುರು. ಹೇಗೆ ತೊಳೆದಿರಿ ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮೀನು ಮಗ್ಗುಲಾಗಿ ತೇಲುತ್ತಿತ್ತು. ಗಂಡ "ಬಾ" ಎಂದ. ಸ್ವಲ್ಪ ತಡೆದು ಮತ್ತೆ "ಬಾ" ಎಂದ.

"ಸತ್ತೋಯ್ತು" ಎಂದಷ್ಟೇ ಅಕ್ಕ ಬರೆದಳು. ಗುರುಗಳು ಉಪದೇಶಕ್ಕೆ ಕೂತರು: "ಸ್ಪಂಜನ್ನೂ ತೊಳೆದಿರ್ತೀರಿ. ಅದನ್ನ ತೊಳೀಬಾರ್ದು ಅನ್ನೋದು ಇಲ್ಲಿ ಮೊದಲ ಪಾಠ. ಓದೋ ತಾಳ್ಮೆ ಇಲ್ಲದವರಿಗೆ ಏನ್ ಹೇಳೋದು? ಇದನ್ನೊಂದು ಅನುಭವ ಅಂತ ತಿಳ್ಕೊಳ್ಳಿ." ಮೆಚ್ಚುಗೆಯ ಹೆಬ್ಬೆರಳುಗಳ ಮಳೆಯೇ ಸುರಿಯಿತು. ಗುಮಾಸ್ತೆ ಮಾತ್ರ ಗುಟ್ಟಾಗಿ ಕೇಳಿದಳು: "ನಾನು ಬರೆದಿದ್ದು ನೋಡಲಿಲ್ವಾ ಅಕ್ಕಾ?"

ಆಗ ಅಕ್ಕ ಕೆಳಗಿಳಿದು ಓದಿದಳು. ಮತ್ತೊಮ್ಮೆ ಓದಿದಳು.

ಅದೇ ಬಣ್ಣದ ಇನ್ನೊಂದು ಮೀನು ತಂದಿದ್ದಾಳೆ. ಗುಮಾಸ್ತೆ ಹೇಳಿದಂತೆಯೇ ನೋಡಿಕೊಳ್ಳುತ್ತಾಳೆ, ಮೀನು ಚೆನ್ನಾಗಿದೆ. ಡಾಕ್ಟರಮ್ಮ ತೊಟ್ಟಿ ತೋರಿಸಿ "ಬಾ ಅನ್ನಿ" ಎನ್ನುತ್ತಾರೆ. ಅವನು ಮೀನನ್ನು ನೋಡುವುದಿಲ್ಲ; ಹೆಂಡತಿಯ ಕೈಗಳನ್ನು ನೋಡಿ ತುಟಿ ಬಿಗಿಯುತ್ತಾನೆ.

"ಬೈಯ್ರೀ," ಎನ್ನುತ್ತಾಳೆ ಅಕ್ಕ. "ಬಾಯಿಗೆ ಬಂದಂಗೆ ಬೈದ್ಬಿಡ್ರಿ ನನ್ನ. ಒಂದೇ ಒಂದು ಮಾತು."

ಅವನು ಬೈಯುವುದೂ ಇಲ್ಲ.