ಎಡೆಯಿಟ್ಟ ಕೋಣೆಯ ಇಂಗ್ಲಿಷ್ ಹಾಡು

ಮೊನ್ನೆ ಕೆಂಪಾಪುರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮೇಜಿನ ಹುಡುಗಿಯ ಫೋನಿನಿಂದ ಆ ಹಾಡು ಬಂತು. ಅರವತ್ತರ ದಶಕದ ಬ್ರಿಟಿಷ್ ಹುಡುಗರ ತಂಡದ್ದು. ಒಬ್ಬ ಮೆಲ್ಲಗೆ ಹಾಡುತ್ತಾನೆ, ಉಳಿದವರು ಎಲ್ಲೋ ಹಿಂದಿನ ಕೋಣೆಯಲ್ಲಿ ನಿಂತವರಂತೆ ದನಿಗೂಡಿಸುತ್ತಾರೆ. ನಿಮಗೂ ಹೀಗಾಗಿರಬಹುದು: ನನ್ನ ಮೂಗಿಗೆ ಬಂದದ್ದು ಕಾಫಿಯ ವಾಸನೆಯಲ್ಲ, ಸಾಂಬ್ರಾಣಿ ಹೊಗೆ.

ಹೆಬ್ಬಾಳದ ಕೆರೆಯ ಪಕ್ಕ ನಮ್ಮ ಹೆಂಚಿನ ಮನೆಯಿತ್ತು. ತಂದೆತಾಯಿಯಿಲ್ಲದ ನನ್ನನ್ನು ಸಾಕಿದವಳು ಚಿಕ್ಕಮ್ಮ. ಚಿಕ್ಕಪ್ಪ ಯಲಹಂಕದಲ್ಲಿ ಒಬ್ಬ ಸಾಹೇಬರ ಮನೆಯ ಅಡುಗೆಯವರು. ವರ್ಗವಾಗಿ ಹೋಗುವಾಗ ಸಾಹೇಬರು ಕೊಟ್ಟ ಗ್ರಾಮಫೋನಿಗೆ ಕೀಲಿ ಕೊಟ್ಟು, ಸಂಜೆ ಜಗಲಿಯಲ್ಲಿ ಇದ್ದ ಒಂದೇ ರೆಕಾರ್ಡನ್ನು, ಇದೇ ಹಾಡನ್ನು, ಹಾಕುತ್ತಿದ್ದರು.

"ಏನಂತಾನೆ ಅವ್ನು?" ಎಂದು ಚಿಕ್ಕಮ್ಮ ಕೆಣಕುತ್ತಿದ್ದಳು.

"ಎಂಡ್ರು ತವರಿಗೋದ್ಲು ಅಂತ ಅಳ್ತಾವ್ನೆ ಕಣೆ. ನೀನೂ ಓಗ್ಬೇಡ." ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಜ್ವರ ಬಂದು ಚಿಕ್ಕಪ್ಪ ತೀರಿಕೊಂಡರು. ತಿಥಿಗೆ ಹೆಸರಘಟ್ಟದಿಂದ ಚಿಕ್ಕಮ್ಮನ ಅಣ್ಣ ಬಂದರು. "ಇನ್ನೂ ಸಣ್ಣ ವಯಸ್ಸು. ಮನೇಗೆ ಬಾ, ಇನ್ನೊಂದು ದಾರಿ ನೋಡಾನ" ಅಂದರು. ಅವಳು ಬಟ್ಟೆ ಗಂಟು ಕಟ್ಟಿದಳು. ನನ್ನನ್ನು ಕರೆದೊಯ್ಯುವ ಮಾತು ಯಾರೂ ಆಡಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಎಡೆಯಿಟ್ಟು, ಅವರ ಇಷ್ಟದ ವಸ್ತುಗಳನ್ನು ಪಕ್ಕದಲ್ಲಿರಿಸಿ ಬಾಗಿಲು ಮುಚ್ಚುತ್ತಾರೆ. ಅವರು ಬಂದು ಉಂಡುಹೋಗುವ ತನಕ ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು. ನಾನು ಮೊದಲೇ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಅಡಗಿದ್ದೆ. ಬಾಗಿಲು ಮುಚ್ಚಿದ ಮೇಲೆ ತಡಕಾಡಿ, ಎಡೆಯ ಪಕ್ಕ ಇಟ್ಟಿದ್ದ ಗ್ರಾಮಫೋನಿನ ರೆಕಾರ್ಡಿನ ಮೇಲೆ ಮುಳ್ಳನ್ನಿಟ್ಟೆ. ಹೊರಗೆ ಯಾರೋ ಚೀರಿದರು. ಕೀಲಿ ಸಡಿಲಾಗುತ್ತ ಹಾಡುಗಾರನ ದನಿ ಮುದುಕನದಾಗಿ, ನರಳಾಟವಾಗಿ ನಿಂತಿತು. ಆಮೇಲೂ ಕೋಣೆಯಲ್ಲಿ ಉಸಿರಾಟ ಕೇಳುತ್ತಿತ್ತು. ನನ್ನದೇ ಅಂದುಕೊಂಡು ಉಸಿರು ಬಿಗಿಹಿಡಿದೆ. ಅದು ನಿಲ್ಲಲಿಲ್ಲ.

ಬಾಗಿಲು ತೆರೆದಾಗ ನೂಕುನುಗ್ಗಲಿನಲ್ಲಿ ಸೇರಿಕೊಂಡೆ. ಚಿಕ್ಕಮ್ಮ ಗಂಟು ಬಿಚ್ಚಿದಳು. ಅವಳ ಅಣ್ಣ ಒಬ್ಬರೇ ಹೋದರು. ಅವಳು ನನ್ನನ್ನು ಹೈಸ್ಕೂಲಿನವರೆಗೆ ಓದಿಸಿ, ಮದುವೆ ಮಾಡಿ, ಒಂಟಿಯಾಗಿಯೇ ಮುದುಕಿಯಾದಳು. ಅವಳ ಬದುಕನ್ನು ಕದ್ದವನು ನಾನು.

ಕೊನೆಗೆ ವಿದ್ಯಾರಣ್ಯಪುರದ ನನ್ನ ಮನೆಯಲ್ಲಿ ಅವಳು ಹಾಸಿಗೆ ಹಿಡಿದಾಗ, ಕಾಲು ಹಿಡಿದು ಎಲ್ಲ ಹೇಳಿದೆ.

"ನೀನೇ ಆಕಿದ್ದು ಅಂತ ಅವತ್ತೇ ಗೊತ್ತಿತ್ತು ಕಣೋ. ಗ್ರಾಮಫೋನು ತಾನಾಗೇ ಆಡ್ತದಾ, ಪೆದ್ದ?"

"ಮತ್ಯಾಕೆ ಉಳ್ಕೊಂಡೆ, ಚಿಕ್ಕಮ್ಮ?"

"ಆಡು ನಿಂತ್ಮೇಲೆ ನಿಮ್ ಚಿಕ್ಕಪ್ಪ ಬಾಗ್ಲತ್ರ ಬಂದು ಅಂದ್ರಲ್ಲ, 'ಮಗ ಎದರ್ಕೊಂಡವ್ನೆ, ಬಾಗ್ಲು ತೆಗಿ' ಅಂತ."

ಒಳಗಿದ್ದ ನನಗೆ ಆ ಮಾತು ಕೇಳಿಸಿರಲಿಲ್ಲ.

ಈಗ ಅವಳೂ ಇಲ್ಲ. ಅವಳ ತಿಥಿಯ ದಿನ ಎಡೆಯಿಟ್ಟು ಬಾಗಿಲು ಮುಚ್ಚಿದರು. ಬೇರೆಯವರು ಅಂಗಳದಲ್ಲಿ ಕೂತಿದ್ದಾಗ ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗಿನಿಂದ ಯಾರೂ ನನ್ನನ್ನು ಮಗ ಅನ್ನಲಿಲ್ಲ.