ಹಿಂದೆ ಹಾಡುವವರು

1964ರ ಫೆಬ್ರವರಿಯಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ನನ್ನ ಅಕ್ಕನಿಗೆ ಹೃದಯದ ಕವಾಟದ ಆಪರೇಷನ್ ಆಯಿತು. ಆಗ ಅವಳಿಗೆ ಮೂವತ್ತರ ಹತ್ತಿರ. ಚಿಕ್ಕಂದಿನಲ್ಲಿ ಗಂಟುನೋವಿನ ಜ್ವರ ಬಂದು ಹೋಗಿತ್ತು. ಆ ಜ್ವರವೇ ಕವಾಟವನ್ನು ಅಂಟಿಸಿಟ್ಟಿದೆ ಎಂದು ಡಾಕ್ಟರು ಹೇಳಿದರು. ಎಡಪಕ್ಕೆ ಕೊಯ್ದು, ಬೆರಳು ಒಳಗೆ ಹಾಕಿ, ಅಂಟಿದ್ದನ್ನು ಬಿಡಿಸಿದರು. ಭಾವ ಅದೇ ಊರಿನ ಒಂದು ಗಿರಣಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಕುಮಟೆಯ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ ನಾನು ರಜೆ ಹಾಕಿ ಹೋಗಿದ್ದೆ. ಆಪರೇಷನ್ ಚೆನ್ನಾಗಿ ಆಯಿತು. ಅದರ ಬಗ್ಗೆ ಆಗಲೂ ಈಗಲೂ ನನ್ನ ತಕರಾರಿಲ್ಲ.

ತಕರಾರು ಆಮೇಲಿನದು. ವಾರ್ಡಿಗೆ ತಂದ ಮೇಲೆ ಅಕ್ಕ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಗಂಜಿ ಕುಡಿದು ಲೋಟ ಕೆಳಗಿಟ್ಟು, ಗಂಜಿ ಯಾವಾಗ ಬರುತ್ತದೆ ಎನ್ನುತ್ತಿದ್ದಳು. ಪಕ್ಕದ ಮಂಚದ ಮುದುಕಿ ನಕ್ಕರೆ ಇವಳು ಅಳುತ್ತಿದ್ದಳು. ಪ್ರಜ್ಞೆ ತಪ್ಪಿಸುವ ಔಷಧಿಯಿಂದ ಹಾಗಾಗುತ್ತದೆ, ಊರಿಗೆ ಹೋದರೆ ಸರಿಯಾಗುತ್ತದೆ ಎಂದರು ನರ್ಸು.

ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಹೊನ್ನಾವರದ ಬಂದರಿನಲ್ಲಿ ಹೊಳೆ ದಾಟಲು ಲಾಂಚಿಗೆ ಕಾಯುತ್ತಿದ್ದೆವು. ಅಕ್ಕ ಆ ಹೊಳೆಯನ್ನು ಹುಟ್ಟಿದಾಗಿನಿಂದ ದಾಟಿದವಳು. ನೀರನ್ನು ನೋಡಿ ಕೇಳಿದಳು:

“ತಮ್ಮ, ನಮ್ಮ ದಡ ಯಾವ್ದು?”

ಎದುರು ದಡದ ಕಾಸರಕೋಡಿನ ಕಡೆ ಕೈ ತೋರಿಸಿದೆ. ಹೌದೆಂದು ತಲೆಯಾಡಿಸಿದಳು. ನನ್ನ ಮಾತನ್ನು ನಂಬಿದಳು ಅಷ್ಟೆ, ಅವಳಿಗೆ ಗುರುತು ಸಿಕ್ಕಿರಲಿಲ್ಲ.

ಮಂಕಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ ಮತ್ತು ತಂಗಿ. ಅಕ್ಕ ಚೇತರಿಸಿಕೊಳ್ಳುವವರೆಗೆ ತವರಿನಲ್ಲೇ ಇರುವುದೆಂದು ಮಾತಾಗಿತ್ತು. ನಾನು ಶನಿವಾರ ಕುಮಟೆಯಿಂದ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಕೆಲವು ನಾನು ಕಂಡದ್ದು, ಕೆಲವು ಅವ್ವನೋ ತಂಗಿಯೋ ಹೇಳಿದ್ದು.

ಅಕ್ಕ ಊರಿನ ಮದುವೆಗಳಲ್ಲಿ ಮುಂದೆ ಹಾಡುವವಳು. ನಮ್ಮ ಕಡೆ ಮದುವೆಯ ಹಾಡನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಮುಂದೆ ಹಾಡುವವರು ಒಂದು ಸಾಲು ಹೇಳುತ್ತಾರೆ, ಹಿಂದೆ ಹಾಡುವವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಅರಿಶಿನ ಹಚ್ಚುವುದರಿಂದ ಹೆಣ್ಣು ಒಪ್ಪಿಸುವವರೆಗೆ ಪ್ರತಿಯೊಂದಕ್ಕೂ ಹಾಡಿದೆ. ಎಲ್ಲಿಯೂ ಬರೆದಿಟ್ಟಿದ್ದಲ್ಲ. ಶುರುಮಾಡಿದ ಹಾಡನ್ನು ನಡುವೆ ಬಿಡಬಾರದು. ಮುಂದಿನವಳಿಗೆ ಕೆಮ್ಮು ಬಂದರೂ ಹಿಂದಿನವರು ಅವಳು ಕೊನೆಗೆ ಹೇಳಿದ ಸಾಲನ್ನೇ ಹೇಳುತ್ತಾ ಇರಬೇಕು; ಅವಳನ್ನು ದಾಟಿ ಮುಂದಿನ ಸಾಲಿಗೆ ಹೋಗುವಂತಿಲ್ಲ. ಅಕ್ಕನ ಹಿಂದೆ ಹಾಡುತ್ತಿದ್ದವಳು ನಮ್ಮ ಚಿಕ್ಕಿ, ಅವ್ವನ ತಂಗಿ. ಅವಳ ಮನೆ ನಮ್ಮ ಗದ್ದೆಯ ಆಚೆ.

ಆ ಬೇಸಿಗೆಯಲ್ಲೇ ತಂಗಿಗೆ ಕುಮಟೆಯ ಹತ್ತಿರದ ಸಂಬಂಧ ಕೂಡಿಬಂತು. ಮದುವೆ ಮರುವರ್ಷದ ವೈಶಾಖದಲ್ಲಿ. ಗಂಡಿನವರು ಎದ್ದು ಹೋದ ಕೂಡಲೇ ಅಕ್ಕ ಹೇಳಿದಳು, “ಹಾಡು ನಂದೇ.” ಯಾರೂ ಇಲ್ಲವೆನ್ನಲಿಲ್ಲ.

ಅಕ್ಕನ ಆರೋಗ್ಯ ವಿಚಾರಿಸಲು ಬರುವವರಿಗೆ ಕೊನೆಯಿರಲಿಲ್ಲ. ಭಟ್ಕಳದಿಂದ ಮೀನು ಹೊತ್ತು ತರುವವಳು ಬುಟ್ಟಿ ಇಳಿಸಿ ಮೊದಲು ಅಕ್ಕನನ್ನು ನೋಡಿ ಆಮೇಲೆ ಬೆಲೆ ಹೇಳುತ್ತಿದ್ದಳು. ಹೊಲಿಗೆಯ ಗುರುತು ತೋರಿಸೆಂದು ಕೇಳದವರು ಕಡಿಮೆ.

“ಒಳಗೆ ರಬ್ಬರ್ ಹಾಕಿದ್ರಂತೆ, ಹೌದನೇ?” ಎಂದು ಒಬ್ಬಳು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ.

“ಹೌದು. ಸೈಕಲ್ ಟ್ಯೂಬು. ಗಾಳಿ ಕಮ್ಮಿಯಾದ್ರೆ ತಮ್ಮ ಪಂಪು ಹೊಡಿತ,” ಎಂದಳು ಅಕ್ಕ.

ಬಂದವಳು ಅದನ್ನು ನಂಬಿ ಹೋದಳು. ಅಂಥ ಮಾತು ಅಕ್ಕನಿಗೆ ಥಟ್ಟನೆ ಬರುತ್ತಿತ್ತು. ಅದರಿಂದಲೇ ಎಲ್ಲರಿಗೂ ಅವಳು ಪೂರ್ತಿ ಗುಣವಾಗಿದ್ದಾಳೆ ಎನಿಸಿತು. ಒಲೆಯ ಮೇಲೆ ಇಟ್ಟದ್ದು ಸೀಯುವುದು, ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಬಾವಿಯ ಹತ್ತಿರ ಹೋಗಿ ಯಾಕೆ ಬಂದೆನೆಂದು ನಿಲ್ಲುವುದು, ಇದೆಲ್ಲ ಮನೆಯೊಳಗಿನವರಿಗೆ ಮಾತ್ರ ಗೊತ್ತಿತ್ತು. ಸಿಟ್ಟೂ ಮನೆಯೊಳಗಿನವರಿಗೇ. ಮೊದಲು ಅವಳು ಸಿಟ್ಟಿನವಳಲ್ಲ.

ಹಿತ್ತಿಲ ಕಟ್ಟೆಯ ಮೇಲೆ ಕೂತು ಅವಳು ಹಾಡು ನೆನೆಯುವುದನ್ನು ಒಂದು ಭಾನುವಾರ ನೋಡಿದೆ. ಮೊದಲ ಸಾಲು ಹೇಳಿದಳು. ನಿಲ್ಲಿಸಿದಳು. ಮತ್ತೆ ಮೊದಲ ಸಾಲು. ಎರಡನೆಯದು ಬರಲಿಲ್ಲ. ಬೇರೆ ಹಾಡು ತೆಗೆದಳು; ಅದರದ್ದೂ ಮೊದಲ ಸಾಲು ಮಾತ್ರ. ಕೈಯಲ್ಲಿದ್ದ ಚಿಪ್ಪಿನ ಸೌಟನ್ನು ತೆಂಗಿನ ಮರಕ್ಕೆ ಬೀಸಿ ಒಗೆದಳು. ಹೋಗಿ ಎತ್ತಿಕೊಂಡು ಬಂದು, ಒಡೆದಿದೆಯೋ ಎಂದು ನೋಡಿ, ಅಳಲು ಶುರುಮಾಡಿದಳು.

“ನಿಂಗೆ ಒಂದಾದ್ರೂ ಗೊತ್ತಿದ್ಯಾ?” ಎಂದು ನನ್ನನ್ನು ಕೇಳಿದಳು. ಗಂಡಸರು ಆ ಹಾಡುಗಳನ್ನು ಕೇಳುತ್ತಾರೆ, ಕಲಿಯುವುದಿಲ್ಲ. ಇಲ್ಲವೆಂದೆ.

ಹೊನ್ನಾವರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಮುಂಬೈಯವರ ಕೆಲಸವನ್ನು ಮೆಚ್ಚಿಕೊಂಡರು.

“ಮರೆವು?” ಎಂದೆ.

“ಎದೆ ಚೆನ್ನಾಗಿದೆ.”

“ಎದೆಯದಲ್ಲ, ನೆನಪಿನದು ಕೇಳಿದ್ದು.”

“ಮರೆವು ನನಗೂ ಇದೆ ಮಾರಾಯರೆ. ಭಾರ ಎತ್ತಿಸಬೇಡಿ, ದಣಿಸಬೇಡಿ, ಟಾನಿಕ್ ಕೊಡಿ.”

ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೇಳುವುದು ನನ್ನ ಉದ್ಯೋಗ. ಈ ಪ್ರಶ್ನೆಯನ್ನು ಮುಂಬೈಯ ಆಸ್ಪತ್ರೆಗೂ ಬರೆದು ಕೇಳಿದೆ. ಎದೆಯ ಫೋಟೋ ಕಳಿಸಿ ಎಂದು ಉತ್ತರ ಬಂತು.

ಜೂನ್ ಕೊನೆಗೆ ನಾಟಿ ಶುರುವಾಯಿತು. ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡದೆ ಇರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ವರ್ಷ ನಮ್ಮ ಮನೆಯ ಎದುರಿನ ಗದ್ದೆಗಳಲ್ಲಿ ಹಾಡು ಇರಲಿಲ್ಲ. ಬಾಗಿದ ಹೆಂಗಸರ ಸಾಲು ಹಿಂದೆ ಹಿಂದೆ ಸರಿಯುತ್ತಿತ್ತು, ಮಳೆಗೆಂದು ಬೆನ್ನಿಗೆ ಹೊದ್ದ ಗೊರಬುಗಳ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೆ ಇಲ್ಲ. ದೂರದ ಗದ್ದೆಯಲ್ಲಿ ಹಾಡು ಕೇಳುತ್ತಿತ್ತು. ನಮ್ಮ ಅಂಗಳದ ಹತ್ತಿರ ಬಂದಂತೆ ನಿಲ್ಲುತ್ತಿತ್ತು. ಅಕ್ಕ ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

“ನಾ ಸತ್ತೆ ಅಂತ ಮಾಡಿದ್ರು ಇವ್ರು,” ಎಂದಳು. “ಹೆಣ ಇರೂ ಮನೆ ಎದುರಿಗೆ ಹಾಡೂದಿಲ್ಲಲ್ಲ, ಹಾಂಗೆ.”

“ಎಂತ ಮಾತು ಅದು,” ಎಂದು ಅವ್ವ ಒಳಗೆ ಹೋದಳು.

ಅಕ್ಕ ಆಮೇಲೆ ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು. ತಂಗಿ ಹೇಳಿದ ಪ್ರಕಾರ ವಾರದಲ್ಲಿ ಕೆಲವು ದಿನ ತಲೆಯನ್ನೂ ಬಾಚುತ್ತಿರಲಿಲ್ಲ. ಮುರ್ಡೇಶ್ವರಕ್ಕೆ ಹೋಗಿ ಬರೋಣ, ಇಡಗುಂಜಿಗೆ ಹೋಗೋಣ ಎಂದರೆ, ನೀವೇ ಹೋಗಿ ಬನ್ನಿ ಎನ್ನುತ್ತಿದ್ದಳು. ತಂಗಿಯ ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ಬೇರೆ ಊರಿನಿಂದ ಹಾಡುವವರನ್ನು ಕರೆಸುವ ಬಗ್ಗೆ ಅವ್ವ ಚಿಕ್ಕಿಯ ಹತ್ತಿರ ವಿಚಾರಿಸಿದ್ದಳು. ಅದೂ ಅಕ್ಕನ ಕಿವಿಗೆ ಬಿತ್ತು.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಅಕ್ಕ ತಾನಾಗಿಯೇ ಚಿಕ್ಕಿಯ ಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ. ಚಿಕ್ಕಿ ಅಂಗಳದಲ್ಲಿ ಕೂತು ಏನನ್ನೋ ಗುನುಗುತ್ತಾ ತೆಂಗಿನ ಗರಿ ಹೆಣೆಯುತ್ತಿದ್ದಳು. ನಮ್ಮನ್ನು ಕಂಡು ಬಾಯಿ ಮುಚ್ಚಿದಳು. ಅಕ್ಕ ಅಂಗಳದಲ್ಲೇ ನಿಂತಳು.

“ಯಂತಕೆ ನಿಲ್ಸಿದ್ದು? ನಾ ಬಂದ್ರೆ ನಿಂಗ್ಳ ಹಾಡಿಗೆ ಮೈಲಿಗೆ ಆತದ?”

“ಅಯ್ಯೋ ಹುಡ್ಗಿ, ಹಾಂಗಲ್ಲ.”

“ಮತ್ತೆ ಹೆಂಗೆ?”

ಚಿಕ್ಕಿ ನನ್ನ ಮುಖ ನೋಡಿದಳು. ನನಗೆ ಏನೂ ಗೊತ್ತಿರಲಿಲ್ಲ. “ನಿನ್ನ ಅವ್ವನ್ನೇ ಕೇಳು,” ಎಂದು ಶುರುಮಾಡಿ ಅವಳೇ ಪೂರ್ತಿ ಹೇಳಿದಳು. ಅಕ್ಕ ಮುಂಬೈಯಿಂದ ಬಂದ ವಾರವೇ ಅವ್ವ ಮನೆ ಮನೆಗೆ ಹೋಗಿ ಕೇಳಿಕೊಂಡಿದ್ದಳಂತೆ: ಅವಳ ಎದುರಿಗೆ ಹಾಡಬೇಡಿ, ಹಾಡು ಕೇಳಿದರೆ ಅವಳು ದನಿ ಕೂಡಿಸದೆ ಇರುವವಳಲ್ಲ, ಉಸಿರು ಎಳೆದರೆ ಹೊಲಿಗೆ ಬಿಚ್ಚೀತು. ಕೇರಿಯ ಹೆಂಗಸರು ಒಪ್ಪಿಕೊಂಡಿದ್ದರು. ಒಂದು ಮಳೆಗಾಲ ಬಾಯಿ ಬಿಗಿಹಿಡಿದು ನಾಟಿ ಮಾಡಿದ್ದು ಅಕ್ಕನ ಮೇಲಿನ ಪ್ರೀತಿಗೆ.

“ಬಾಯಿ ಕಟ್ಕಂಡು ನೆಟ್ಟಿ ಮಾಡಿ ನಂಗೆ ಸೊಂಟ ನೋವು ಎರಡು ಪಾಲು ಆತು,” ಎಂದಳು ಚಿಕ್ಕಿ. “ಮುಂಬೈ ಡಾಕ್ಟ್ರು ನಿಂಗೆ ಹೊಲಿಗೆ ಹಾಕಿದ್ರು, ನಿನ್ನ ಅವ್ವ ನಮ್ಗೆಲ್ಲ ಹಾಕಿದ್ಲು.”

ಅಕ್ಕ ನಗಲಿಲ್ಲ. ಕೂತು ಒಂದು ಗರಿ ಎಳೆದುಕೊಂಡು ಹೆಣೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಅರಿಶಿನದ ಹಾಡಿನ ಮೊದಲ ಸಾಲು ಹೇಳಿದಳು, ಹಿತ್ತಿಲಲ್ಲಿ ಹೇಳುತ್ತಿದ್ದ ಹಾಗೆಯೇ. ಚಿಕ್ಕಿ ಕೈಕೆಲಸ ಬಿಡದೆ, ತಲೆ ಎತ್ತದೆ, ರೂಢಿಯಂತೆ ಆ ಸಾಲನ್ನು ತಿರುಗಿ ಹೇಳಿದಳು. ಅವಳು ಮುಗಿಸುವಷ್ಟರಲ್ಲಿ ಅಕ್ಕನ ಬಾಯಿಯಿಂದ ಎರಡನೆಯ ಸಾಲು ಬಂತು. ಆಮೇಲೆ ಮೂರನೆಯದು. ಅವಳು ಮೊದಲಿನಿಂದಲೂ ಹಾಡುತ್ತಿದ್ದದ್ದು ಹಾಗೆಯೇ. ಹಿಂದಿನವರು ಒಂದು ಸಾಲು ತಿರುಗಿ ಹೇಳುವಷ್ಟು ಹೊತ್ತಿನಲ್ಲಿ ಮುಂದಿನ ಸಾಲು ಕೂಡಿಸಿಕೊಳ್ಳುತ್ತಿದ್ದಳು. ಹಿಂದೆ ಹಾಡುವವರೇ ಇಲ್ಲದೆ ಅವಳು ಅಷ್ಟು ತಿಂಗಳು ಸಾಲುಗಳನ್ನು ಒಬ್ಬಳೇ ಹುಡುಕಿದ್ದಳು.

ಮನೆಗೆ ಬಂದ ಮೇಲೆ ಜಗಳವಾಯಿತು.

“ನಿನ್ನ ಜೀವ ಉಳೀಲಿ ಅಂತ ಮಾಡಿದ್ದು,” ಎಂದಳು ಅವ್ವ.

“ಕೇಳಿದ್ರೆ ನಾನೇ ಸುಮ್ನೆ ಇರ್ತಿದ್ದೆ. ನಂಗೆ ಹೇಳೂಕೆ ಎಂತ ಆಗಿತ್ತು?”

“ಹೇಳಿದ್ರೆ ನೆನಪಿರ್ತಿತ್ತಾ ನಿಂಗೆ?”

ಜಗಳ ಅಲ್ಲಿಗೆ ಮುಗಿಯಲಿಲ್ಲ. ಕೆಲವು ದಿನ ಅಕ್ಕ ಅವ್ವನ ಕೈಯಿಂದ ಊಟ ಬಡಿಸಿಕೊಳ್ಳಲಿಲ್ಲ ಎಂದು ತಂಗಿ ಹೇಳಿದಳು.

ಚಳಿಗಾಲವೆಲ್ಲ ಅಕ್ಕ ದಿನವೂ ಚಿಕ್ಕಿಯ ಅಂಗಳಕ್ಕೆ ಹೋದಳು. ಹಾಡುಗಳು ಬಂದವು, ಆದರೆ ಬೇಕೆಂದಂತೆ ಬರಲಿಲ್ಲ. ಒಂದು ದಿನ ಪೂರ್ತಿ ಬಂದದ್ದು ಮರುದಿನ ಅರ್ಧಕ್ಕೆ ನಿಲ್ಲುತ್ತಿತ್ತು. ಹೆಣ್ಣು ಒಪ್ಪಿಸುವ ಹಾಡು ಎಲ್ಲಕ್ಕಿಂತ ಹೆಚ್ಚು ಕಾಡಿತು. ಮದುಮಗಳು ಹೊಸ್ತಿಲು ದಾಟುವಾಗ ಹಾಡುವಂಥದ್ದು ಅದು. “ಹೊಳೆಯಾಚೆ ಹೋಗುವಳೆ, ಒಮ್ಮೆ ಇತ್ತ ನೋಡೆ” ಎಂಬ ಸಾಲಿನವರೆಗೆ ಸರಾಗ. ಅಲ್ಲಿಂದ ಮುಂದೆ ಕೆಲವು ದಿನ ಇತ್ತು, ಕೆಲವು ದಿನ ಇರಲಿಲ್ಲ. ಮುಂದಿನ ಸಾಲನ್ನು ಚಿಕ್ಕಿ ಹೇಳಿಕೊಡಲು ಹೋದರೆ ಅಕ್ಕ ಕೈ ಎತ್ತಿ ತಡೆಯುತ್ತಿದ್ದಳು. “ನಂದು ನಂಗೇ ಬರ್ಬೇಕು.”

1965ರ ವೈಶಾಖದಲ್ಲಿ ಮದುವೆಯಾಯಿತು. ಬೇರೆ ಊರಿನ ಹಾಡುವವರನ್ನು ಕರೆಸಲಿಲ್ಲ. ಅಕ್ಕ ಮುಂದೆ ಕೂತಳು, ಚಿಕ್ಕಿ ಮತ್ತು ಇನ್ನೊಬ್ಬಳು ಹಿಂದೆ. ಅರಿಶಿನದ ಹಾಡು, ಧಾರೆಯ ಹಾಡು ತಪ್ಪಿಲ್ಲದೆ ಮುಗಿದವು. ಅವ್ವ ಕಂಬದ ಮರೆಯಲ್ಲಿ ನಿಂತು ಅಕ್ಕನ ಉಸಿರನ್ನೇ ನೋಡುತ್ತಿದ್ದಳು.

ಸಂಜೆ ಹೆಣ್ಣು ಒಪ್ಪಿಸುವ ಹಾಡು ಶುರುವಾಯಿತು. ತಂಗಿ ಹೊಸ್ತಿಲ ಒಳಗೆ ನಿಂತಿದ್ದಳು; ಹಾಡು ಮುಗಿಯದೆ ಅವಳು ದಾಟುವಂತಿಲ್ಲ. “ಹೊಳೆಯಾಚೆ ಹೋಗುವಳೆ, ಒಮ್ಮೆ ಇತ್ತ ನೋಡೆ” ಎಂದು ಅಕ್ಕ ಹೇಳಿದಳು. ಹಿಂದಿನವರು ತಿರುಗಿ ಹೇಳಿದರು. ಅಕ್ಕ ಬಾಯಿ ತೆರೆದಳು, ದನಿ ಬರಲಿಲ್ಲ. ಹಿಂದಿನವರು ಅದೇ ಸಾಲನ್ನು ಮತ್ತೆ ಹೇಳಿದರು. ಮತ್ತೆ ಹೇಳಿದರು. ಚಿಕ್ಕಿಗೆ ಮುಂದಿನದೆಲ್ಲ ಗೊತ್ತಿತ್ತು. ಆದರೂ ಅವಳು ಅಕ್ಕನನ್ನು ದಾಟಲಿಲ್ಲ.

ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. “ಕತ್ತಲೆ ಆದ್ಮೇಲೆ ಲಾಂಚು ಇಲ್ಲ ಮಾರಾಯ. ಆ ಸಾಲು ನಮಗೂ ಬಾಯಿಪಾಠ ಆತು. ಮುಂದೆ ಹೋಗೂಕೆ ಹೇಳು.”

ಹೇಳುವುದು ನನ್ನ ಕೈಯಲ್ಲಿರಲಿಲ್ಲ. ಅಕ್ಕ ಕಣ್ಣು ಮುಚ್ಚಿ, ಮುಷ್ಟಿಯಿಂದ ತನ್ನ ತೊಡೆಯನ್ನು ಗುದ್ದಿಕೊಳ್ಳುತ್ತಿದ್ದಳು. ತಂಗಿ ಅಳು ನಿಲ್ಲಿಸಿ ಅಕ್ಕನನ್ನು ನೋಡುತ್ತಿದ್ದಳು. ಸಾಲು ತಿರುಗುತ್ತಲೇ ಇತ್ತು. ಕೊನೆಗೆ ಅಕ್ಕ ಎದ್ದಳು. ಚಿಕ್ಕಿಯ ತೋಳು ಹಿಡಿದು ಮುಂದಕ್ಕೆ ಸರಿಸಿ, ಚಿಕ್ಕಿ ಕೂತಿದ್ದ ಜಾಗದಲ್ಲಿ ತಾನು ಕೂತಳು. ಚಿಕ್ಕಿ ಮುಂದಿನ ಸಾಲು ಹೇಳಿದಳು. ಅಕ್ಕ ಅದನ್ನು ಹಿಂದಿನಿಂದ ತಿರುಗಿ ಹೇಳಿದಳು. ಕೊನೆಯವರೆಗೆ ಹಾಗೆಯೇ ಹಾಡಿದರು. ತಂಗಿ ಹೊಸ್ತಿಲು ದಾಟಿದಳು. ಲಾಂಚು ಸಿಕ್ಕಿತು.

ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ಮಳೆಗಾಲಕ್ಕೆ ಮೊದಲು ಭಾವನ ಜೊತೆ ಮುಂಬೈಗೆ ಹೋದಳು. ಎದೆಯ ಫೋಟೋ ಚೆನ್ನಾಗಿದೆ ಎಂದು ಆಸ್ಪತ್ರೆಯವರು ಹೇಳಿದರು ಎಂದು ಭಾವ ಕಾಗದ ಬರೆದ.

1969ರ ಮೇ ತಿಂಗಳಲ್ಲಿ ಚಿಕ್ಕಿಯ ಮಗಳ ಮದುವೆಗೆ ಅಕ್ಕ ಮಂಕಿಗೆ ಬಂದಳು. ಅರಿಶಿನಕ್ಕೆ, ಧಾರೆಗೆ ಮುಂದೆ ಕೂತು ಹಾಡಿದಳು. ಹೆಣ್ಣು ಒಪ್ಪಿಸುವ ಹೊತ್ತಿಗೆ, ಯಾರೂ ಹೇಳುವ ಮೊದಲೇ, ಎದ್ದು ಹೋಗಿ ಚಿಕ್ಕಿಯ ಹಿಂದೆ ಕೂತಳು.