ನಮ್ಮ ಮನೆಯಲ್ಲಿ ತೆಗೆದ ಎರಡು ನಿಮಿಷದ ಥ್ರಿಲ್ಲರ್

ಒಂದು ಭಾನುವಾರ ಬೆಳಿಗ್ಗೆ ಮಗಳು ಅವಲಕ್ಕಿ ತಿನ್ನುತ್ತ, "ಅಮ್ಮಾ, ನಾಳೆ ಸಂಜಿಗೆ ಖಾಲಿ ಇದ್ದೀಯೇನು? ನಿನ್ನ ಅಂಜಿಸೋದದ" ಎಂದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಶೇಂಗಾ ಹಾಕಿದೆ. 

ಅದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಮಗಳು ಕಾಲೇಜಿನಲ್ಲಿ ಮಾಧ್ಯಮದ ಕೋರ್ಸು ಸೇರಿ ಮೊದಲ ವರ್ಷದ ಕೊನೆಗೆ ಬಂದಿದ್ದಳು. ಕೊಟ್ಟ ಮೂರು ಕೆಲಸಗಳಲ್ಲಿ ಎರಡು ಕೆಟ್ಟಿದ್ದವು. ಫೋಟೋಗಳು ಮಂಕಾಗಿ ಬಂದಿದ್ದವು, ರೇಡಿಯೋ ನಾಟಕದಲ್ಲಿ ಪಕ್ಕದ ಮನೆಯ ಮಿಕ್ಸರ್ ಸದ್ದು ಸೇರಿಕೊಂಡಿತ್ತು. ಮೂರನೆಯದರಲ್ಲೂ ಪಾಸಾಗದಿದ್ದರೆ ಎರಡನೆಯ ವರ್ಷಕ್ಕೆ ಸೀಟಿಲ್ಲ ಎಂದು ವಿಭಾಗದವರು ಹೇಳಿಬಿಟ್ಟಿದ್ದರು. ನಮ್ಮ ಯಜಮಾನರಿಗೆ ಆ ಕೋರ್ಸು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಕಾಮರ್ಸ್ ಕಾಲೇಜಿನ ಅರ್ಜಿಯನ್ನು ತಂದು ಷೋಕೇಸಿನ ಖಾನೆಯಲ್ಲಿ ಇಟ್ಟಿದ್ದರು. "ಪಾಸಾದ್ರ ನಾ ಬಾಯಿ ತೆಗಿಯಂಗಿಲ್ಲ. ಇಲ್ಲಾಂದ್ರ ಸುಮ್ಮನ ಫಾರ್ಮ್ ತುಂಬು" ಎಂದಿದ್ದರು. ಅವರು ಕೂಗಾಡುವವರಲ್ಲ, ಅದಕ್ಕೇ ಅವರ ಮಾತು ಬದಲಾಗುವುದಿಲ್ಲ. ಮಗಳು ಆ ಖಾನೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಮೂರನೆಯ ಕೆಲಸವೆಂದರೆ ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ.

"ಮುಂದಿಂದು ಯಾವಾಗ ತೆಗೀತಿ?" ಎಂದು ಕೇಳಿದೆ.

"ಮುಂದಿಂದು ಇಲ್ಲಮ್ಮಾ."

"ಮತ್ತ ಕತಿ?"

"ಕತೀನೂ ಇಲ್ಲ. ಓಪನಿಂಗ್ ಅಷ್ಟ. ಮುಂದ ಏನೋ ಅದ ಅಂತ ಅನಸಬೇಕು."

ಕಾನ್ವೆಂಟಿನಲ್ಲಿ ನಮಗೆ ಪ್ರಬಂಧ ಕಲಿಸಿದ ಸಿಸ್ಟರ್, ಮೊದಲ ಪ್ಯಾರಾದಲ್ಲಿ ಯಾರು, ಎಲ್ಲಿ, ಯಾವಾಗ ಎಂಬ ಮೂರೂ ಇರದಿದ್ದರೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಹಾಳೆಯನ್ನು ವಾಪಸು ಕೊಡುತ್ತಿದ್ದರು. ನಾನು ಇವತ್ತಿಗೂ ತವರಿಗೆ ಪತ್ರ ಬರೆದರೆ ಊರು, ತಾರೀಕು, ಹವೆ ಹೇಗಿದೆ ಎಂಬುದರಿಂದಲೇ ಶುರುಮಾಡುತ್ತೇನೆ. ಮಗಳ ನೋಟುಬುಕ್ಕಿನಲ್ಲಿ ಥ್ರಿಲ್ಲರಿನ ಕಟ್ಟುಪಾಡುಗಳೆಂದು ಬರೆದುಕೊಂಡದ್ದೆಲ್ಲ ಇದಕ್ಕೆ ತಿರುವುಮುರುವು. ಬೆಳಕು ಕಡಿಮೆ ಇರಬೇಕು. ಮುಖ ತೋರಿಸುವ ಮೊದಲು ಕೈ ತೋರಿಸಬೇಕು, ಕಾಲು ತೋರಿಸಬೇಕು. ಗಡಿಯಾರದ ಸದ್ದು ಕೇಳಬೇಕು. ಫೋನು ರಿಂಗಾಗಬೇಕು, ಎತ್ತಿದರೆ ಆಚೆಯಿಂದ ಯಾರೂ ಮಾತಾಡಬಾರದು. ಮನೆಯಲ್ಲಿ ಒಬ್ಬಳೇ ಹೆಂಗಸು. ಹೊರಗೆ ಮುಖ ಕಾಣದ ಒಬ್ಬರು. ನೋಡುವವರ ಮನಸ್ಸಿನಲ್ಲಿ ಪ್ರಶ್ನೆ ಏಳಬೇಕು, ಆದರೆ ಉತ್ತರ ಕೊಡಲೇಬಾರದು.

"ಅದರಾಗ ನಾ ಸಾಯಾಕೀನೋ, ಕೊಲ್ಲಾಕೀನೋ?" ಎಂದೆ.

"ಅದು ಗೊತ್ತಾಗಬಾರದು."

"ನೋಡೋರಿಗೆ ಗೊತ್ತಾಗಬಾರದು, ಆತು. ನನಗ?"

"ನಿನಗೂ ಗೊತ್ತಿರಲಿಲ್ಲಂದ್ರ ಛಲೋ."

"ನಿನಗರೆ ಗೊತ್ತದ ಇಲ್ಲೋ?"

ಅವಳು ತಟ್ಟೆ ತೆಗೆದುಕೊಂಡು ಪಾತ್ರೆ ತೊಳೆಯುವ ಮೋರಿಯ ಕಡೆ ಹೋದಳು.

ಮುಖ ಕಾಣದ ವ್ಯಕ್ತಿಯಾಗಿ ಅವಳ ಗೆಳತಿಯೊಬ್ಬಳು ಬರುವುದೆಂದು ನಿಶ್ಚಯವಾಗಿತ್ತು. ಎತ್ತರದ ಮರಾಠಿ ಹುಡುಗಿ. ತಲೆ, ಮುಖ, ಕುತ್ತಿಗೆಗೆಲ್ಲ ಸ್ಕಾರ್ಫ್ ಸುತ್ತಿ ಕಣ್ಣಷ್ಟೇ ಬಿಟ್ಟುಕೊಂಡು ನಿಲ್ಲುವುದು ಅವಳ ಪಾತ್ರ. ನನಗೆ ನಗು ಬಂತು. ಪುಣೆಯಲ್ಲಿ ಸ್ಕೂಟಿ ಓಡಿಸುವ ಹುಡುಗಿಯರೆಲ್ಲ ಧೂಳು ಬಿಸಿಲಿಗೆ ಹಾಗೇ ಸುತ್ತಿಕೊಂಡಿರುತ್ತಾರೆ. "ಲಕ್ಷ್ಮೀ ರಸ್ತೆದಾಗ ನೂರು ಮಂದಿ ಹಂಗ ಅಡ್ಡಾಡತಾರ. ಇದಕ್ಕ ಯಾರು ಅಂಜತಾರ?" ಎಂದೆ.

"ರಸ್ತೆದಾಗ ಅಲ್ಲ. ಮನಿ ಬಾಗಲಕ್ಕ ಬಂದು, ಆಮ್ಯಾಲೂ ಬಿಚ್ಚಲಿಲ್ಲಂದ್ರ?"

ಅದನ್ನು ಕೇಳಿ ನನಗೆ ನಿಜಕ್ಕೂ ಸ್ವಲ್ಪ ಹೆದರಿಕೆಯಾಯಿತು.

ಕ್ಯಾಮೆರಾ ಕಾಲೇಜಿನದು. ಒಬ್ಬೊಬ್ಬರಿಗೆ ಒಂದೊಂದು ಸಂಜೆ, ಒಂದೇ ಬ್ಯಾಟರಿ. ಚಾರ್ಜರು ವಿಭಾಗದ ಕಪಾಟಿನಲ್ಲೇ ಉಳಿಯುತ್ತದೆ. ಸೋಮವಾರ ಸಂಜೆ ನಮ್ಮದು, ಬುಧವಾರ ಎಲ್ಲರ ಮುಂದೆ ತೋರಿಸಬೇಕು. ಅವಳಿಗೆ ಬೇಕಾಗಿದ್ದ ಬೆಳಕು ಹೊತ್ತು ಮುಳುಗಿ ದೀಪ ಹಾಕುವ ನಡುವಿನ ಇಪ್ಪತ್ತು ನಿಮಿಷದ್ದು. ಎಲ್ಲವೂ ಕಾಣಬೇಕು, ಯಾವುದೂ ಸರಿಯಾಗಿ ಕಾಣಬಾರದು.

ಮಧ್ಯಾಹ್ನದಿಂದಲೇ ನಮ್ಮ ಮನೆ ನಮ್ಮದಲ್ಲದಂತಾಗುತ್ತ ಹೋಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ದೇವರು ನಗುತ್ತಿದ್ದಾನೆಂದು ಮಗಳು ಅದನ್ನು ತೆಗೆದಿಟ್ಟಳು. ಸೋಫಾದ ಮೇಲಿನ ಕಸೂತಿ ಬಟ್ಟೆ ಮಡಿಸಿದಳು. ನನ್ನ ಮುಡಿಯ ಅಬ್ಬಲಿಗೆ ತೆಗೆಸಿದಳು. ನೀರು ಕುಡಿಯಲು ಅಡಿಗೆಮನೆಗೆ ಹೋಗಿ ಬಂದು ನೋಡಿದರೆ, ಯಾರೋ ಬಾಡಿಗೆ ಮನೆ ಖಾಲಿ ಮಾಡಿ ಹೋಗಿದ್ದಾರೆ ಅನ್ನಿಸಿತು. ಕೂರಲು ಹೇಳುವವರಿಲ್ಲದೆ ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ.

ಯಜಮಾನರು ಆಫೀಸಿನಿಂದ ಟಿಫಿನ್ ಚೀಲ ಹಿಡಿದು ಬಂದರು. ಮಗಳು ಅವರನ್ನು ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿಗೆ ಗಂಡಸಿನ ಬೂಟು ಬೇಕೆಂದು ಅವರಿಂದಲೇ ಹತ್ತಿಸಿದಳು.

"ಸಾವಕಾಶ ಹತ್ತು ಅಪ್ಪಾ. ನಿನಗ ಗಡಿಬಿಡಿ ಇಲ್ಲ."

"ಗಡಿಬಿಡಿ ಅದವಾ. ಹಸಿವ್ಯಾಗೇದ."

"ಕೆಟ್ಟ ಮನಷ್ಯಾ ಹತ್ತಿದಂಗ ಹತ್ತು."

"ಇಷ್ಟು ವರ್ಷ ಇದ ಮೆಟ್ಟಲ ಹತ್ತೀನಿ, ಒಬ್ಬರೂ ಅಂಜಿಲ್ಲ. ಈಗೆಲ್ಲಿಂದ ತರಲಿ?" ಎನ್ನುತ್ತಲೇ ಮೂರು ಸಲ ಹತ್ತಿದರು, ಮೂರು ಸಲ ಇಳಿದರು. ಮೂರನೆಯ ಸಲ ಬೂಟಿನ ಸದ್ದು ನಿಜಕ್ಕೂ ಭಾರವಾಗಿತ್ತು. ದಣಿವಿನಿಂದಲೋ, ಮಗಳಿಗಾಗಿಯೋ ನನಗೆ ತಿಳಿಯಲಿಲ್ಲ.

ನಾನು ಮಾಡಬೇಕಾದದ್ದು ಇಷ್ಟು. ಫೋನು ಎತ್ತಬೇಕು, ಸದ್ದಿಲ್ಲ, ಇಡಬೇಕು. ಕಿಟಕಿಗಳನ್ನು ಒಂದೊಂದಾಗಿ ಮುಚ್ಚಬೇಕು. ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು ಕಂಡಾಗ ಓಡಿ ಹೋಗಿ ಚಿಲಕ ಹಾಕಿ ಬೆನ್ನು ಕೊಟ್ಟು ನಿಲ್ಲಬೇಕು. ಅಲ್ಲಿಗೆ ಕತ್ತಲು, ಆಮೇಲೆ ಸಿನಿಮಾದ ಹೆಸರು. ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯುವುದು.

ಫೋನು ಎತ್ತಿದೆ, ಇಟ್ಟೆ. ಕಿಟಕಿ ಮುಚ್ಚಿದೆ. ಮಗಳು ಕ್ಯಾಮೆರಾ ಹಿಡಿದು ನನ್ನ ಕೈಯ ಪಕ್ಕದಲ್ಲೇ ಬರುತ್ತಿದ್ದಳು, ಅವಳ ಉಸಿರು ಕೇಳುತ್ತಿತ್ತು. ಹೊರಗೆ ಯಜಮಾನರ ಹೆಜ್ಜೆಗಳು ಮತ್ತೆ ಹತ್ತಿ ಬಂದವು. ಸಂದಿಯಲ್ಲಿ, ಹೊರಗೆ ಕಾದಿದ್ದ ಗೆಳತಿಯ ನೆರಳು ಬಂತು. ಅಷ್ಟರಲ್ಲಿ ನಮ್ಮ ಕಟ್ಟಡದ ಹಿಂದಿರುವ ಹಳೆಯ ವಾಡೆಯ ದತ್ತನ ಗುಡಿಯಲ್ಲಿ ಸಂಜೆಯ ಗಂಟೆ ಬಾರಿಸಿದರು.

ಮುಂದೆ ಆದದ್ದನ್ನು ನಾನು ಮಾಡಿದೆ ಎನ್ನಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಆ ಗಂಟೆಗೆ ಹಿಂದಿನ ಬಾಗಿಲು ಮುಚ್ಚಿ ಮುಂದಿನ ಬಾಗಿಲು ತೆರೆಯಬೇಕು. ಲಕ್ಷ್ಮಿ ಬರುವ ಹೊತ್ತು. ತವರಿನಲ್ಲಿ ನಮ್ಮವ್ವ ಮಾಡುತ್ತಿದ್ದಳು, ಇಲ್ಲಿಗೆ ಬಂದ ಮೇಲೆ ನಾನು ಒಂದು ದಿನವೂ ತಪ್ಪಿಸಿಲ್ಲ. ನನ್ನ ಕಾಲು ಮೊದಲು ಅಡಿಗೆಮನೆಗೆ ಹೋಗಿ ಬಾಲ್ಕನಿಯ ಬಾಗಿಲು ಮುಚ್ಚಿತು. ಆಮೇಲೆ ಚಿಲಕ ಹಾಕಬೇಕಾಗಿದ್ದ ಮುಂದಿನ ಬಾಗಿಲಿನ ಎರಡೂ ಕದ ಅಗಲ ಮಾಡಿದೆ. ದೇವರ ಮುಂದೆ ದೀಪ ಹಚ್ಚಿದೆ. ಟ್ಯೂಬ್‌ಲೈಟಿನ ಸ್ವಿಚ್ ಒತ್ತಿದೆ. ಅದು ಎರಡು ಸಲ ಮಿಟುಕಿ ಹತ್ತಿಕೊಂಡಿತು. ಹೊತ್ತಿದ ದೀಪಕ್ಕೆ ಕೈ ಮುಗಿದ ಹಾಗೆ ಟ್ಯೂಬ್‌ಲೈಟಿಗೂ ಕೈ ಮುಗಿದೆ. ಬಾಗಿಲಲ್ಲಿ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ನಿಂತಿದ್ದವಳನ್ನು ನೋಡಿ, ಬಾರವ್ವ, ಚಪ್ಪಲಿ ಅಲ್ಲೇ ಬಿಡು ಎಂದು ಮರಾಠಿಯಲ್ಲಿ ಹೇಳಿದೆ.

ಆ ಹುಡುಗಿ ಚಪ್ಪಲಿ ಬಿಟ್ಟಳು.

ಮಗಳು ಕ್ಯಾಮೆರಾ ಇಳಿಸಿದಳು. ಹೆಜ್ಜೆ, ಬೆಳಕು ಪರೀಕ್ಷಿಸುವುದರಲ್ಲೇ ಸವೆದಿದ್ದ ಬ್ಯಾಟರಿಯ ಕೆಂಪು ಚುಕ್ಕೆ ಎರಡು ಸಲ ಮಿನುಗಿ ಆರಿತು. ಹೊರಗೆ ಅವಳಿಗೆ ಬೇಕಾಗಿದ್ದ ಬೆಳಕೂ ಉಳಿದಿರಲಿಲ್ಲ.

"ಅಮ್ಮಾ, ಏನು ಮಾಡಿದಿ?" ಎಂದಳು. ದನಿ ಏರಿಸಲಿಲ್ಲ. ತಂದೆಯಂತೆಯೇ.

"ಗಂಟಿ ಬಾರಿಸಿತು" ಎಂದೆ. 

ಯಜಮಾನರು ಮೆಟ್ಟಿಲಿನಿಂದ, "ಮುಗೀತೇನು? ಒಳಗ ಬರಲ್ಯಾ?" ಎಂದು ಕೇಳಿದರು. ಟಿಫಿನ್ ಚೀಲ ಹಿಡಿದು ಅಲ್ಲೇ ನಿಂತರು.

ಮಂಗಳವಾರ ಪೂರ್ತಿ ಅವಳು ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಇದ್ದದ್ದು ಅಷ್ಟೇ ತುಣುಕು. ಚಿಲಕ ಹಾಕುವ ಭಾಗ ಇಲ್ಲವೇ ಇಲ್ಲ. ಸಂಜೆ ಬಂದು ಊಟ ಬೇಡವೆಂದಳು. ನಾನು ಬಾಗಿಲಲ್ಲಿ ನಿಂತು, ನಾನೇ ನಿಮ್ಮ ಮೇಡಂ ಅವರಿಗೆ ಹೇಳಲೇ, ತಪ್ಪು ನನ್ನದೆಂದು, ಎಂದು ಕೇಳಿದೆ. "ಬ್ಯಾಡ. ಏನೂ ಹೇಳಬ್ಯಾಡ" ಎಂದಳು.

ನಟಿಸಿದವರೂ ಬರಬಹುದೆಂದು ಹೇಳಿದ್ದರಿಂದ ಬುಧವಾರ ನಾನೂ ಹೋದೆ. ಕಪ್ಪು ಪರದೆ ಎಳೆದ ಕೋಣೆ, ಮಡಚುವ ಕುರ್ಚಿಗಳು. ಬೇರೆ ಮಕ್ಕಳ ತುಣುಕುಗಳಲ್ಲಿ ಪಾರ್ಕಿಂಗಿನಲ್ಲಿ ಓಡುವ ಕಾಲುಗಳಿದ್ದವು, ಕನ್ನಡಿಯಲ್ಲಿ ಬರೆದ ಅಕ್ಷರಗಳಿದ್ದವು. ಎಲ್ಲವೂ ಒಂದೇ ಸಿನಿಮಾದ ಚೂರುಗಳಂತೆ ಕಂಡವು. ಆಮೇಲೆ ನಮ್ಮದು ಬಂತು.

ಮೊದಲು ಒಂದು ಕೈ. ಬಳೆ, ಬೆರಳ ತುದಿಯಲ್ಲಿ ಅರಿಶಿನದ ಕಲೆ. ಯಾರದಿದು ಎಂದುಕೊಂಡೆ. ಆ ಕೈ ಒಂದಿಷ್ಟೂ ಅವಸರವಿಲ್ಲದೆ ಕಿಟಕಿ ಮುಚ್ಚಿತು. ಹೆಜ್ಜೆಯ ಸದ್ದು ಬಂತು. ನೆರಳು ಬಂತು. ಗಂಟೆ ಬಾರಿಸಿತು. ಹೆಂಗಸು ಹೋಗಿ ಹಿಂದಿನ ಬಾಗಿಲು ಭದ್ರ ಮಾಡಿದಳು. ಮುಂದಿನದನ್ನು ತೆರೆದಳು, ಯಾರಿಗೋ ಕಾಯುತ್ತಿದ್ದವಳ ಹಾಗೆ. ದೀಪ ಹಚ್ಚಿದಳು. ಬೆಳಕು ಮಿಟುಕಿತು, ಕೈ ಮುಗಿದಳು. ಬಾಗಿಲಲ್ಲಿ ಮುಖವಿಲ್ಲದ ಆಕೃತಿ. ಚಪ್ಪಲಿ ಅಲ್ಲೇ ಬಿಡು, ಎಂದಳು. ಪರದೆ ಕಪ್ಪಾಯಿತು. ಅಲ್ಲಿ ಮಗಳು ಬರೆಸಿದ್ದ ಹೆಸರು: ಅತಿಥಿ.

ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ.  ಆ ಹೆಂಗಸಿನ ಮನೆಗೆ ನಾನಾದರೆ ಹೋಗುತ್ತಿರಲಿಲ್ಲ.

ಪಾಠ ಮಾಡುವ ಮೇಡಂ ವಯಸ್ಸಾದವರು, ಕನ್ನಡಕವನ್ನು ಸರಕ್ಕೆ ಪೋಣಿಸಿ ಹಾಕಿಕೊಂಡಿದ್ದರು. ಅವರು ಮರಾಠಿಯಲ್ಲಿ ಮಗಳನ್ನು ಕೇಳಿದರು: ಕಟ್ಟುಪಾಡಿನ ಪ್ರಕಾರ ಇವಳು ಬಾಗಿಲು ಹಾಕಬೇಕು, ಬೆಳಕು ಆರಬೇಕು. ನೀನು ಎರಡನ್ನೂ ಉಲ್ಟಾ ಮಾಡಿದ್ದೀ. ಬೇಕೆಂದೇ ಮಾಡಿದ್ದೋ, ಹಾಗಾಯಿತೋ?

ಮಗಳು ಎದ್ದು ನಿಂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬೇಕಂತಲೇ" ಎಂದಳು.

ಮೇಡಂ ಅವಳನ್ನು ನೋಡಿದರು, ಆಮೇಲೆ ಕೋಣೆಯ ಮಂದ ಬೆಳಕಿನಲ್ಲಿ ನನ್ನನ್ನು ಹುಡುಕಿ, ನಿಮಗೆ ದೀಪ ಹಚ್ಚಿ ಅಂತ ಇವಳು ಹೇಳಿದ್ದಳೇ, ಎಂದು ಕೇಳಿದರು.

ಎಲ್ಲರೂ ತಿರುಗಿದರು. ಹೌದೆಂದರೆ ಸುಳ್ಳು. ಇಲ್ಲವೆಂದರೆ ಷೋಕೇಸಿನ ಖಾನೆಯ ಆ ಅರ್ಜಿ. ಮಗಳು ಮಾತ್ರ ನನ್ನ ಕಡೆ ತಿರುಗದೆ ಖಾಲಿ ಪರದೆಯನ್ನೇ ನೋಡುತ್ತಿದ್ದಳು. ಅವಳ ಜಡೆಯ ರಿಬ್ಬನ್ ಒಂದು ಕಡೆ ಸಡಿಲಾಗಿತ್ತು. ಅದನ್ನು ಬಿಗಿಮಾಡಬೇಕು ಎಂದು ನನಗೆ ಆ ಹೊತ್ತಿನಲ್ಲಿ ಅನ್ನಿಸಿದ್ದು ಯಾಕೋ.

"ನಾನು ದಿನಾ ಹಚ್ಚತೀನಿ" ಎಂದು ಮರಾಠಿಯಲ್ಲಿ ಹೇಳಿದೆ.

ಅದು ನಿಜ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ. ಮೇಡಂ ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಏನೋ ಬರೆದರು.

ಶನಿವಾರ ಫಲಿತಾಂಶ ಬಂತು. ಪಾಸು. ಕಟ್ಟುಪಾಡುಗಳನ್ನು ಅರಿತು, ಅರಿತೇ ಮುರಿದಿದ್ದಾಳೆ ಎಂದು ಷರಾ ಇತ್ತು. ಯಜಮಾನರು ಅದನ್ನು ಎರಡು ಸಲ ಓದಿದರು. "ಮುರದ್ರೂ ಮಾರ್ಕು ಕೊಡತಾರೇನು ಇವರು?" ಎಂದರು. ಆದರೆ ಕೊಟ್ಟ ಮಾತಿನಂತೆ ಮತ್ತೆ ಬಾಯಿ ತೆಗೆಯಲಿಲ್ಲ. ಅರ್ಜಿಯನ್ನು ಆಫೀಸಿನಲ್ಲಿ ಯಾರಿಗೋ ಬೇಕಾಗಿದೆಯೆಂದು ಚೀಲಕ್ಕೆ ಹಾಕಿಕೊಂಡರು.

ಮಗಳು ಕುಣಿಯಬಹುದು ಅಂದುಕೊಂಡಿದ್ದೆ. ಅವಳು ಅಡಿಗೆಮನೆಗೆ ಬಂದು ಗೋಧಿ ಡಬ್ಬದ ಮೇಲೆ ಕೂತಳು.

"ನಾ ಸುಳ್ಳು ಹೇಳಿದ್ದು ಗೊತ್ತದಲ್ಲ?"

"ಗೊತ್ತದ."

"ಮತ್ತ ಬೈಲಿಲ್ಲ ಯಾಕ?"

ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಬೈಯಬೇಕಾಗಿತ್ತು, ನಿಜ. ಬೈದರೆ ಮೇಡಂ ಮುಂದೆ ನಾನು ಹೇಳಿದ್ದಕ್ಕೆ ಏನೆಂದು ಹೆಸರಿಡಬೇಕು?

"ಮುಂದಿನ ವರ್ಷ ಹತ್ತು ನಿಮಿಷದ್ದು ಮಾಡಬೇಕು" ಎಂದಳು. "ನನಗ ಎಲ್ಲಾ ಗೊತ್ತದ ಅಂತ ಮೇಡಂ ತಿಳಕೊಂಡಾರ. ನಾ ಏನು ಮಾಡಿದ್ನೋ ನನಗ ಗೊತ್ತಿಲ್ಲ." ಮಡಿಲಲ್ಲಿದ್ದ ನೋಟುಬುಕ್ಕು ತೆಗೆದು ಹೊಸ ಹಾಳೆ ಸವರಿದಳು. "ಅಮ್ಮಾ, ನೀ ದಿನಾ ವಿಚಾರ ಮಾಡಲಾರದ ಏನೇನು ಮಾಡತಿ, ಒಂದೊಂದ ಹೇಳು."

ವಿಚಾರ ಮಾಡದೆ ಮಾಡುವುದನ್ನು ವಿಚಾರ ಮಾಡಿ ಹೇಳುವುದು ಹೇಗೆ? ಅವಳು ಪೆನ್ನು ಹಿಡಿದು ನನ್ನ ಕೈಗಳನ್ನೇ ನೋಡುತ್ತ ಕಾದಳು. ಹಿಟ್ಟಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ, ನನಗೆ ನೆನಪಾಗಲಿಲ್ಲ.